ಎದೆಗೂಡಿನ ವಕ್ರತೆಯುಳ್ಳ ಮಕ್ಕಳೂ ಮನೆಯವರ ಕರ್ತವ್ಯವೂ

ನರಕಚತುರ್ದಶಿಯ ಬೆಳಗಿನ ಜಾವದಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ಮಣೆಯ ಮೇಲೆ ಕುಳ್ಳಿರಿಸಿ, ಮೈಗೆ ಎಣ್ಣೆಯೊತ್ತಿ, ಅಭ್ಯಂಜನ ಮಾಡಿಸುವ ಪದ್ಧತಿಯು ನಮ್ಮ ಮಲೆನಾಡಿನ ಮನೆಗಳಲ್ಲಿ ಇನ್ನೂ ನಡೆದುಕೊಂಡು ಬರುತ್ತಿದೆ. ಎರಡು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿಯೂ ಹಂಡೆಯ ನೀರು ಕಾದು, ಮೊಮ್ಮಕ್ಕಳೆಲ್ಲರೂ ಚಳಿಗೆ ನಡುಗುತ್ತ ಕುಳಿತಿದ್ದರು. ಅವರಲ್ಲಿ ನಮ್ಮ ಮಗಳ ಮಗನಾದ ಹನ್ನೊಂದು ವರ್ಷದ ಹುಡುಗನು ಮಾತ್ರ ಬನಿಯನನ್ನು ಬಿಚ್ಚಲೊಪ್ಪದೆ ಬಚ್ಚಲಿನ ಬಾಗಿಲ ಮರೆಯಲ್ಲಿ ನಿಂತುಬಿಟ್ಟನು. "ಅಜ್ಜಿಯ ಹತ್ತಿರ ಎಂಥದೋ ನಾಚಿಕೆ, ಬಾರೋ" ಎಂದು ಅವನ ಅಜ್ಜಿಯು ಕರೆದರೂ ಬರಲಿಲ್ಲ. ಆಗ ಅವನಿಗಿಂತ ಕಿರಿಯಳಾದ ಹುಡುಗಿಯೊಬ್ಬಳು, "ಅವನ ಎದೆಯಲ್ಲಿ ಹೊಂಡ ಇದೆ ಅಜ್ಜಿ, ಅದಕ್ಕೇ" ಎಂದಳು. ಮಕ್ಕಳು ನಕ್ಕರು. ದೊಡ್ಡವರು ನಗಲಿಲ್ಲ, ಆದರೆ ಒಬ್ಬರೂ ಒಂದು ಮಾತನ್ನಾಡಲಿಲ್ಲ. ಹುಡುಗನು ಆ ಹಬ್ಬದಲ್ಲಿ ಎಣ್ಣೆ ಹಚ್ಚಿಸಿಕೊಳ್ಳದೆ, ಬಾಗಿಲು ಹಾಕಿಕೊಂಡು ತಾನೇ ಮಿಂದು ಬಂದನು.

ಹಾಗೆ ಸುಮ್ಮನಿದ್ದವರಲ್ಲಿ ನಾವೂ ಒಬ್ಬರು. ಆ ಮೌನವು ನಮ್ಮನ್ನು ಬಹಳವಾಗಿ ಬಾಧಿಸಿತು. ಯಾತಕ್ಕೆಂದರೆ ನಾವು ಅಂಥ ತಪ್ಪನ್ನು ಮಾಡಿದ್ದು ಅದೇ ಮೊದಲಲ್ಲ.

ನಾವು ಮೂವತ್ತಕ್ಕೆ ಮೇಲ್ಪಟ್ಟು ವರ್ಷ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿ ಈಗ ನಿವೃತ್ತರಾಗಿದ್ದೇವೆ. ವೃತ್ತಿಯ ಆರಂಭದ ವರ್ಷಗಳಲ್ಲಿ, ಒಂದು ದಿನ ಒಂಬತ್ತನೆಯ ತರಗತಿಗೆ ಕಾವ್ಯಭಾಗವೊಂದನ್ನು ಬೋಧಿಸುತ್ತ, ನಾಯಕನ ಎದೆಯನ್ನು ಹೆಬ್ಬಾಗಿಲಿನ ಕದಕ್ಕೆ ಹೋಲಿಸುವ ಕವಿಸಂಪ್ರದಾಯವನ್ನು ವಿವರಿಸುತ್ತಿದ್ದೆವು. ಎದೆಯೆಂದರೆ ಹೀಗಿರಬೇಕೆಂದು ನಮ್ಮ ಎದೆಯನ್ನೇ ತಟ್ಟಿ ತೋರಿಸಿದೆವು. ಹಿಂದಿನ ಬೆಂಚಿನಿಂದ ಯಾರೋ "ಬೋಗುಣಿ!" ಎಂದು ಕೂಗಿದರು. ತರಗತಿಯೆಲ್ಲ ಒಬ್ಬ ಹುಡುಗನ ಕಡೆಗೆ ತಿರುಗಿ ನಕ್ಕಿತು. ಅವನ ಎದೆಯ ನಡುವೆ ಗುಳಿಯಿದ್ದುದರಿಂದ ಅದು ಅವನಿಗೆ ಬಿದ್ದ ಅಡ್ಡಹೆಸರೆಂಬುದು ನಮಗೆ ಒಡನೆಯೇ ತಿಳಿಯಿತು. ತಿಳಿದೂ ನಾವು ಗದರಿಸಲಿಲ್ಲ. ನಗುವು ತಾನಾಗಿಯೇ ಅಡಗಲೆಂದು ಮುಗುಳ್ನಕ್ಕು ಪಾಠವನ್ನು ಮುಂದುವರಿಸಿದೆವು. ಮರುದಿನದಿಂದ ಆ ಹುಡುಗನು ಪುಸ್ತಕವನ್ನು ಎದೆಗೆ ಅವುಚಿಕೊಂಡು, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಕುಳಿತುಕೊಳ್ಳತೊಡಗಿದನು.

ಸುಮಾರು ಇಪ್ಪತ್ತು ವರ್ಷಗಳ ಮೇಲೆ ಶಿವಮೊಗ್ಗದ ಬಸ್ಸು ನಿಲ್ದಾಣದಲ್ಲಿ ಅವನೇ ನಮ್ಮನ್ನು ಗುರುತು ಹಿಡಿದು ನಮಸ್ಕರಿಸಿದನು. ಒಳ್ಳೆಯ ಉದ್ಯೋಗದಲ್ಲಿದ್ದನು, ಆರೋಗ್ಯವಂತನಾಗಿದ್ದನು. ಮಾತಿನ ನಡುವೆ ನಾವೇ ಹಳೆಯ ಸಂಗತಿಯನ್ನೆತ್ತಿ ಕ್ಷಮೆ ಬೇಡಿದಾಗ ಅವನು ಹೇಳಿದ್ದಿಷ್ಟು: "ಅದೆಲ್ಲ ಹೋಯಿತು ಮೇಷ್ಟ್ರೇ. ನನಗೆ ಆ ಗುಳಿಯಿಂದ ಉಸಿರಿನ ತೊಂದರೆ ಒಂದು ದಿನವೂ ಆಗಲಿಲ್ಲ. ಆದರೆ ಮದುವೆಯಾಗುವವರೆಗೆ ನಾನು ಒಬ್ಬರ ಎದುರಿಗೂ ಅಂಗಿ ಬಿಚ್ಚಿದವನಲ್ಲ. ತುಂಗೆಯ ದಂಡೆಯಲ್ಲಿ ಹುಟ್ಟಿಯೂ ಈಜು ಕಲಿಯಲಿಲ್ಲ."

ಆ ಕೊನೆಯ ಮಾತು ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ನಾಟಿಕೊಂಡಿತ್ತು. ಹಬ್ಬದ ದಿನ ಮೊಮ್ಮಗನು ಬಾಗಿಲ ಮರೆಗೆ ಸರಿದಾಗ ಅದೇ ಮುಳ್ಳು ಮತ್ತೆ ಕದಲಿತು. ಈ ಬಾರಿ ಸುಮ್ಮನಿರಕೂಡದೆಂದು ನಿಶ್ಚಯಿಸಿ, ಈ ವಿಷಯದಲ್ಲಿ ಓದಿ, ವೈದ್ಯರಿಂದ ಕೇಳಿ, ಮನೆಯಲ್ಲಿ ನಡೆಸಿ ತಿಳಿದುಕೊಂಡದ್ದನ್ನು ವಾಚಕಮಹಾಶಯರ ಮುಂದಿಡುತ್ತಿದ್ದೇವೆ. ನಮ್ಮ ಓದುಗರ ನೆಂಟರಿಷ್ಟರಲ್ಲಿ ಇಂಥ ಮಗುವೊಂದು ಇರದ ಬಳಗವು ವಿರಳವೆಂದೇ ನಮ್ಮ ಎಣಿಕೆ.

ಎದೆಗೂಡೆಂಬುದು ಹಿಂದೆ ಬೆನ್ನೆಲುಬು, ಮುಂದೆ ಎದೆಮೂಳೆ, ಎರಡು ಪಕ್ಕಗಳಲ್ಲಿ 12 ಜೊತೆ ಪಕ್ಕೆಲುಬುಗಳು, ಹೀಗೆ ಕಟ್ಟಿದ ಪಂಜರವು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಅಸ್ಥಿಗಳನ್ನು ಐದು ಬಗೆಯಾಗಿ ವಿಂಗಡಿಸಿ, ಪಕ್ಕೆಲುಬು ಮೊದಲಾದವನ್ನು ಬಳೆಗೆ ಹೋಲಿಸಿ 'ವಲಯ'ಗಳೆಂದೂ, ಮೂಗು ಕಿವಿಗಳಲ್ಲಿರುವ ಮೆತ್ತನೆಯವುಗಳನ್ನು 'ತರುಣ'ಗಳೆಂದೂ ಕರೆದಿದೆ. ಇಂಥ ತರುಣಾಸ್ಥಿಯು ಎದೆಯಲ್ಲಿಯೂ ಉಂಟು. ಪಕ್ಕೆಲುಬುಗಳಲ್ಲಿ ಮೇಲಿನ 7 ಜೊತೆಗಳು ಒಂದೊಂದೂ ತನ್ನದೇ ತರುಣಾಸ್ಥಿಯ ತುಂಡಿನ ಮೂಲಕ ಎದೆಮೂಳೆಗೆ ಸೇರಿಕೊಂಡಿರುತ್ತವೆ. ಕೆಲವು ಮಕ್ಕಳಲ್ಲಿ ಈ ತರುಣಾಸ್ಥಿಗಳು ಅಳತೆ ತಪ್ಪಿ ಬೆಳೆದು ಎದೆಮೂಳೆಯನ್ನು ಒಳಕ್ಕೆ ಅದುಮುತ್ತವೆ, ಇಲ್ಲವೆ ಹೊರಕ್ಕೆ ನೂಕುತ್ತವೆ. ಒಳಕ್ಕೆ ಹೋದರೆ ಗುಳಿಯೆದೆ; ವೈದ್ಯರು ಇದನ್ನು ಪೆಕ್ಟಸ್ ಎಕ್ಸ್‌ಕವೇಟಮ್ ಎನ್ನುವರು. ಹೊರಕ್ಕೆ ಬಂದರೆ ಪಾರಿವಾಳದ ಎದೆ. ಅದಕ್ಕೆ ಪೆಕ್ಟಸ್ ಕ್ಯಾರಿನೇಟಮ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ 'ಪೆಕ್ಟಸ್' ಎಂದರೆ ಎದೆ. 'ಕ್ಯಾರಿನ' ಎಂದರೆ ಹಡಗಿನ ತಳದಲ್ಲಿ ಚಾಚಿಕೊಂಡಿರುವ ಅಡಿಮರ.

ಇವೆರಡರಲ್ಲಿ ಗುಳಿಯೆದೆಯೇ ಹೆಚ್ಚು. ಪಾಶ್ಚಾತ್ಯ ವೈದ್ಯಗ್ರಂಥಗಳು ಸಾಮಾನ್ಯವಾಗಿ ಕೊಡುವ ಲೆಕ್ಕದಂತೆ ಸುಮಾರು 300ರಿಂದ 400 ಮಕ್ಕಳಲ್ಲಿ ಒಂದಕ್ಕೆ ಇದು ಇರುವುದು. ಹುಡುಗಿಯೊಬ್ಬಳಿಗಿದ್ದರೆ ಹುಡುಗರು ನಾಲ್ವರಿಗೆ ಇರುವುದು. ನೂರರಲ್ಲಿ ಸುಮಾರು 40 ಮಂದಿಯ ಕುಟುಂಬಗಳಲ್ಲಿ ಮತ್ತೊಬ್ಬರಿಗೂ ಇಂಥದೇ ಎದೆಯಿರುವುದು ಕಂಡುಬಂದಿದೆ. ಗುಳಿಯೆದೆಯು ಅನೇಕವೇಳೆ ಶೈಶವದಲ್ಲಿಯೇ ತೋರಿ, ಹುಡುಗನು ಸರಸರನೆ ಎತ್ತರವಾಗುವ ಪ್ರಾಯದಲ್ಲಿ ಆಳವಾಗುತ್ತದೆ. ಪಾರಿವಾಳದ ಎದೆಯಾದರೋ ಬಹುಮಟ್ಟಿಗೆ ಆ ಪ್ರಾಯದಲ್ಲಿಯೇ ಮೊದಲು ಕಾಣಿಸಿಕೊಳ್ಳುತ್ತದೆ.

ಹಬ್ಬದ ರಾತ್ರಿ ಎಲ್ಲರೂ ಮಲಗಿದ ಮೇಲೆ ನಮ್ಮ ಮಗಳು ನಮ್ಮ ಬಳಿಗೆ ಬಂದು ಕುಳಿತಳು. ಮಗನ ಎದೆ ವರ್ಷದಿಂದೀಚೆಗೆ ಆಳವಾಗುತ್ತಿರುವುದನ್ನು ಅವಳು ಬಲ್ಲಳು. ಆದರೆ ವೈದ್ಯರಲ್ಲಿಗೆ ಹೋಗಲು ಅಂಜಿದ್ದಳು. "ಅಪ್ಪಯ್ಯ, ಅವನು ಹೊಟ್ಟೆಯಲ್ಲಿದ್ದಾಗ ಗ್ರಹಣದ ದಿನ ನಾನು ಹೊರಗೆ ಬಂದಿದ್ದೆನಂತೆ, ಅದಕ್ಕೇ ಹೀಗಾಯಿತಂತೆ. ನೆಂಟರು ಹೇಳುತ್ತಾರೆ. ನಿಮಗೂ ಹಾಗೇ ಅನ್ನಿಸುತ್ತದೆಯೇ?" ಎಂದು ಕೇಳಿದಳು. ಹನ್ನೊಂದು ವರ್ಷ ಆ ಮಾತನ್ನು ಒಳಗೇ ಇಟ್ಟುಕೊಂಡು ಬೆಂದ ತಾಯಿಯ ಮುಖವನ್ನು ನೋಡಿ ನಮಗೆ ಕರುಳು ಹಿಂಡಿದಂತಾಯಿತು. ಹಿಂದೆ ಜರ್ಮನರು ಈ ಎದೆಗೆ 'ಜೋಡು ಹೊಲಿಯುವವನ ಎದೆ' ಎಂದು ಹೆಸರಿಟ್ಟು, ಎದೆಗೆ ಒತ್ತಿಕೊಂಡು ಮಾಡುವ ಕೆಲಸದಿಂದ ಗುಳಿ ಬೀಳುವುದೆಂದು ಭಾವಿಸಿದ್ದರು. ಕಾರಣ ತಿಳಿಯದಿದ್ದಾಗ ಯಾರ ಮೇಲಾದರೂ ಹೊರಿಸುವುದು ಎಲ್ಲ ದೇಶದ ಜನರ ಸ್ವಭಾವವಷ್ಟೆ. ಗ್ರಹಣವಾಗಲಿ, ತಾಯಿಯು ಉಂಡದ್ದಾಗಲಿ, ಮಗುವನ್ನು ಎತ್ತಿಕೊಂಡ ರೀತಿಯಾಗಲಿ ಇದಕ್ಕೆ ಕಾರಣವಲ್ಲ. ಯಾವ ಮನೆಯಲ್ಲಾದರೂ ಇಂಥ ದೂರಿನ ಭಾರವನ್ನು ಹೊತ್ತ ತಾಯಿಯಿದ್ದರೆ, ಈ ಸಾಲನ್ನು ಅವಳಿಗೆ ಓದಿ ಹೇಳಬೇಕೆಂದು ಹಿರಿಯರಲ್ಲಿ ನಮ್ಮ ಬಿನ್ನಹ.

ಇನ್ನು ವೈದ್ಯರಲ್ಲಿಗೆ ಹೋಗುವ ಮೊದಲು ಎರಡು ಭೇದಗಳನ್ನು ತಿಳಿದಿರತಕ್ಕದ್ದು. ಒಂದನೆಯದು: ಹಸುಳೆಗೆ ಕೆಮ್ಮು ಜ್ವರಗಳು ಬಂದಾಗ ಉಸಿರೆಳೆದಂತೆಲ್ಲ ಎದೆಯ ಕೆಳಭಾಗವು ಒಳಕ್ಕೆ ಸೆಳೆದುಕೊಂಡರೆ ಅದು ಹುಟ್ಟಿನಿಂದ ಬಂದ ಗುಳಿಯಲ್ಲ, ಶ್ವಾಸಕೋಶದ ನ್ಯುಮೋನಿಯದ ಲಕ್ಷಣವಿರಬಹುದು. ಒಂದು ಗಳಿಗೆಯೂ ತಡಮಾಡದೆ ಮಗುವನ್ನು ಆಸ್ಪತ್ರೆಗೆ ಒಯ್ಯತಕ್ಕದ್ದು. ಎರಡನೆಯದು: ಬಿಸಿಲು ಕಾಣದೆ 'ಡಿ' ಜೀವಸತ್ತ್ವದ ಕೊರತೆಯಿಂದ ಬರುವ ರಿಕೆಟ್ಸ್ ಎಂಬ ರೋಗದಲ್ಲಿಯೂ ಎದೆಯು ಮುಂದಕ್ಕೆ ಉಬ್ಬುವುದುಂಟು. ಆಗ ಕಾಲುಗಳು ಬಾಗುವುದು, ಮಣಿಕಟ್ಟುಗಳು ದಪ್ಪವಾಗುವುದು, ಪಕ್ಕೆಲುಬುಗಳ ತುದಿಗಳಲ್ಲಿ ಜಪಮಣಿಗಳಂತೆ ಗಂಟುಗಳು ತೋರುವುದು ಮೊದಲಾದ ಬೇರೆ ಚಿಹ್ನೆಗಳೂ ಇರುವುವು. ಇದಕ್ಕೆ ಔಷಧೋಪಚಾರ ಬೇರೆ.

ದೊಡ್ಡ ಊರಿಗೆ ಹೋಗಲು ಅನುಕೂಲವಿಲ್ಲದವರು ಒಂದು ಸಂಗತಿಯನ್ನು ನೆನಪಿಡಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೇರೆಗೆ ವೈದ್ಯರ ತಂಡಗಳು ಅಂಗನವಾಡಿಗಳಿಗೂ ಸರಕಾರಿ ಶಾಲೆಗಳಿಗೂ ಬಂದು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುವ ಏರ್ಪಾಡಿದೆ. ಆ ದಿನ ಮಗುವಿನ ಎದೆಯನ್ನು ಮರೆಸದೆ ತೋರಿಸಿ, ಮುಂದೆ ಎಲ್ಲಿಗೆ ಹೋಗಬೇಕೆಂದು ಕೇಳಿಕೊಳ್ಳಬಹುದು.

ನಾವು ಹುಡುಗನನ್ನು ಕರೆದೊಯ್ದದ್ದು ಮಕ್ಕಳ ಶಸ್ತ್ರವೈದ್ಯರೊಬ್ಬರಲ್ಲಿಗೆ. ಅವರು ನಮ್ಮನ್ನು ಏನೊಂದೂ ಕೇಳದೆ ಮೊದಲು ಹುಡುಗನ ಕಡೆಗೆ ತಿರುಗಿ, "ಎದೆ ನಿನ್ನದು, ಆದ್ದರಿಂದ ಮೊದಲ ಪ್ರಶ್ನೆಯೂ ನಿನ್ನದೇ. ಕೇಳು" ಎಂದರು. ಅವನು ಬಹಳ ಹೊತ್ತು ನೆಲವನ್ನು ನೋಡಿ, "ರಾತ್ರಿ ಮಲಗಿದಾಗ ಮೂಳೆ ಒತ್ತಿ ಹೃದಯ ನಿಂತುಹೋಗುತ್ತದೆಯಾ?" ಎಂದನು. ನಮ್ಮ ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಷ್ಟು ತಿಂಗಳುಗಳಿಂದ ಈ ಮಗುವು ಪ್ರತಿರಾತ್ರಿಯೂ ಈ ಭಯವನ್ನು ಹೊದ್ದು ಮಲಗುತ್ತಿತ್ತೋ! ನಾವಾದರೋ ಅವನಿಗೆ ನಾಚಿಕೆಯೊಂದೇ ಇರುವುದೆಂದು ತಿಳಿದಿದ್ದೆವು. ವೈದ್ಯರು ನಗದೆ, ಗಂಭೀರವಾಗಿಯೇ ಉತ್ತರಿಸಿದರು. ಹೃದಯದ ಎಕೋ ಪರೀಕ್ಷೆಯನ್ನು ಮಾಡಿಸುವಾಗ ಪರದೆಯ ಮೇಲೆ ಮಿಡಿಯುತ್ತಿದ್ದ ಅವನ ಹೃದಯವನ್ನು ಅವನಿಗೇ ತೋರಿಸಿ, "ನೋಡು, ಸ್ವಲ್ಪ ಎಡಕ್ಕೆ ಸರಿದು ಕುಳಿತಿದೆ, ಅಷ್ಟೆ. ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತಿದೆ" ಎಂದರು. ಆ ರಾತ್ರಿ ಹುಡುಗನು ಗಾಢವಾಗಿ ನಿದ್ರಿಸಿದನೆಂದು ಅವನ ತಾಯಿ ಹೇಳಿದಳು.

ಪರೀಕ್ಷೆಗಳಲ್ಲಿ ಮುಖ್ಯವಾದವು ಇವು: ಹೃದಯದ ಪರೀಕ್ಷೆ, ಊದಿಸಿ ನೋಡುವ ಶ್ವಾಸಕೋಶದ ಪರೀಕ್ಷೆ, ಬೆನ್ನೆಲುಬು ಪಕ್ಕಕ್ಕೆ ಬಾಗಿದೆಯೇ ಎಂದು ನೋಡುವುದು, ಅಗತ್ಯವಿದ್ದರೆ ಎದೆಯ ಒಳಚಿತ್ರ. ಮಗುವು ವಯಸ್ಸಿಗೆ ಮೀರಿ ಎತ್ತರವಾಗಿ, ಕೈಬೆರಳುಗಳು ಬಹಳ ನೀಳವಾಗಿದ್ದರೆ, ಫ್ರಾನ್ಸಿನ ವೈದ್ಯ ಮಾರ್ಫಾನ್ 1896ರಲ್ಲಿ ವರ್ಣಿಸಿದ ಅನುವಂಶೀಯ ವ್ಯಾಧಿಯುಂಟೇ ಎಂದು ವಿಚಾರಿಸಿ, ಹೃದಯದ ಮಹಾಧಮನಿಯನ್ನೂ ಕಣ್ಣನ್ನೂ ಪರೀಕ್ಷಿಸುವರು. ಇದೊಂದು ಕಾರಣಕ್ಕಾದರೂ ಗುಳಿ ಅಲ್ಪವೆಂದು ಉದಾಸೀನ ಮಾಡದೆ ಒಮ್ಮೆ ತೋರಿಸಿಬಿಡುವುದು ಲೇಸು.

ಗುಳಿಯ ಆಳಕ್ಕೆ ಒಂದು ಗಣಿತವೂ ಇದೆ. ಎದೆಗೂಡಿನ ಒಳಗಣ ಅಡ್ಡಗಲವನ್ನು, ಗುಳಿಯ ತಳದಿಂದ ಬೆನ್ನೆಲುಬಿನವರೆಗಿನ ದೂರದಿಂದ ಭಾಗಿಸಬೇಕು. 1987ರಲ್ಲಿ ಅಮೆರಿಕದ ಹ್ಯಾಲರ್ ಎಂಬ ಶಸ್ತ್ರವೈದ್ಯರೂ ಅವರ ಸಂಗಡಿಗರೂ ಈ ಅಳತೆಯನ್ನು ಪ್ರಕಟಿಸಿದರು. ಸಾಮಾನ್ಯವಾದ ಎದೆಯಲ್ಲಿ ಭಾಗಲಬ್ಧವು ಸುಮಾರು 2.5, ಅದು 3.25ನ್ನು ಮೀರಿದರೆ ಗುಳಿಯು ತೀವ್ರವೆಂದು ಎಣಿಸುವರು. ನಮ್ಮ ಹುಡುಗನಿಗೆ ಅಗಲ 24 ಸೆಂಟಿಮೀಟರು, ಆಳ 8. ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತೇ ಅವನು, "ಮೂರು, ಅಜ್ಜ" ಎಂದು ಲೆಕ್ಕವನ್ನು ಮಾಡಿ ಹೇಳಿದನು. ಹೊಂಡವೆಂದು ಎಲ್ಲರೂ ಹೇಳುತ್ತಿದ್ದುದು ಅಂದಿನಿಂದ ಅವನಿಗೆ ಒಂದು ಅಂಕಿಯಾಯಿತು. ಅಂಕಿಗೆ ಅಷ್ಟೊಂದು ಭಯಪಡಬೇಕಾಗಿಲ್ಲವೆಂಬುದನ್ನು ಶಾಲೆಗೆ ಹೋಗುವ ಮಕ್ಕಳು ಬಲ್ಲರು.

ಚಿಕಿತ್ಸೆಯ ವಿಷಯವನ್ನು ಸಂಕ್ಷೇಪವಾಗಿ ಹೇಳುವೆವು. ಗುಳಿ ಸಾಧಾರಣವಾಗಿದ್ದು ಆಯಾಸ, ಎದೆನೋವು, ಎದೆಬಡಿತಗಳಿಲ್ಲದಿದ್ದರೆ ಆಗಾಗ್ಗೆ ತೋರಿಸುತ್ತ ಕಾದುನೋಡುವುದೇ ಸಾಕು. ಎಣ್ಣೆ ನೀವಿ ಎಳೆಯುವುದರಿಂದಲೂ, ಬಟ್ಟೆಯಿಂದ ಬಿಗಿದು ಕಟ್ಟುವುದರಿಂದಲೂ ಗುಳಿಯು ಮೇಲೇಳದು, ನೋವೇ ಹೆಚ್ಚುವುದು. ಈಜು, ಸೂರ್ಯನಮಸ್ಕಾರ ಮೊದಲಾದ ವ್ಯಾಯಾಮಗಳು ಮೂಳೆಯನ್ನು ಸರಿಪಡಿಸಲಾರವಾದರೂ ಬೆನ್ನನ್ನು ನೆಟ್ಟಗಾಗಿಸಿ, ಸ್ನಾಯುಗಳನ್ನು ಬಲಪಡಿಸಿ, ದಮ್ಮನ್ನು ಹೆಚ್ಚಿಸುತ್ತವೆ. ಜರ್ಮನಿಯ ಎಕಾರ್ಟ್ ಕ್ಲೋಬೆ ಎಂಬಾತನು, ತನಗೇ ಗುಳಿಯೆದೆಯಿದ್ದುದರಿಂದ, ಗಾಳಿಯನ್ನು ಹೀರಿ ಎದೆಮೂಳೆಯನ್ನು ಮೇಲಕ್ಕೆ ಸೆಳೆಯುವ ಗಂಟೆಯಾಕಾರದ ಬಟ್ಟಲೊಂದನ್ನು ರಚಿಸಿದನು. ಎದೆ ಇನ್ನೂ ಮಿದುವಾಗಿರುವ ಎಳೆಯರಲ್ಲಿ, ಗುಳಿ ಆಳವಿಲ್ಲದಿದ್ದರೆ, ದಿನವೂ ಕಟ್ಟಿಕೊಂಡಲ್ಲಿ ತಿಂಗಳುಗಳ ಮೇಲೆ ಇದು ಫಲ ಕೊಡುವುದು. ಪಾರಿವಾಳದ ಎದೆಗೆ ಹೊರಗಿನಿಂದ ಮೃದುವಾಗಿ ಅದುಮುವ ಪಟ್ಟಿಯುಂಟು. ದಿನದಲ್ಲಿ ಬಹಳ ಗಂಟೆಗಳ ಕಾಲ, ಅನೇಕ ತಿಂಗಳು ಧರಿಸಿದರೆ ಬೆಳೆಯುವ ಮಕ್ಕಳಲ್ಲಿ ಬಹುಪಾಲು ಶಸ್ತ್ರಕ್ರಿಯೆಯ ಅಗತ್ಯವೇ ಬೀಳದು. ಇವೆರಡನ್ನೂ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಬಳಸತಕ್ಕದ್ದು.

ಶಸ್ತ್ರಕ್ರಿಯೆಯಲ್ಲಿ, 1949ರಲ್ಲಿ ಅಮೆರಿಕದ ರಾವಿಚ್ ಪ್ರಕಟಿಸಿದ ಕ್ರಮವು ವಕ್ರವಾದ ತರುಣಾಸ್ಥಿಗಳನ್ನು ಕತ್ತರಿಸಿ ತೆಗೆದು ಎದೆಮೂಳೆಯನ್ನು ಎತ್ತಿ ನಿಲ್ಲಿಸುವುದು. ಅಮೆರಿಕದ ನಾರ್ಫೋಕ್ ನಗರದ ಡೊನಾಲ್ಡ್ ನಸ್ ಎಂಬ ಮಕ್ಕಳ ಶಸ್ತ್ರವೈದ್ಯರು, ಹಲ್ಲುಗಳನ್ನು ತಂತಿಯಿಂದ ಸಾಲಿಗೆ ತರುವಂತೆ ಮಕ್ಕಳ ಎದೆಯನ್ನೂ ಕತ್ತರಿಸದೆ ತಿದ್ದಬಹುದೆಂದು ಯೋಚಿಸಿ, 1987ರಲ್ಲಿ ಮೊದಲ ಬಾರಿಗೆ ಪಕ್ಕೆಗಳಲ್ಲಿ ಸಣ್ಣ ಗಾಯ ಮಾಡಿ ಬಾಗಿದ ಲೋಹದ ಪಟ್ಟಿಯೊಂದನ್ನು ಎದೆಮೂಳೆಯ ಹಿಂದೆ ತೂರಿಸಿ ತಿರುಗಿಸಿದರು. ಹತ್ತು ವರ್ಷಗಳ ಅನುಭವವನ್ನು 1998ರಲ್ಲಿ ಪ್ರಕಟಿಸಿದ ಮೇಲೆ ಇದು ಲೋಕದಲ್ಲೆಲ್ಲ ಹರಡಿತು. ಪಟ್ಟಿಯನ್ನು ಸಾಮಾನ್ಯವಾಗಿ 2ರಿಂದ 4 ವರ್ಷಗಳ ಬಳಿಕ ತೆಗೆದುಬಿಡುವರು. ಕಾಯಬೇಕಾದಲ್ಲಿ ಕಾಯುವುದೂ ಚಿಕಿತ್ಸೆಯೇ. ತೀರ ಎಳೆಯ ವಯಸ್ಸಿನಲ್ಲಿ ತರುಣಾಸ್ಥಿಗಳನ್ನು ಅತಿಯಾಗಿ ಕತ್ತರಿಸಿದ ಕೆಲವು ಮಕ್ಕಳಲ್ಲಿ ಎದೆಗೂಡು ಬೆಳೆಯದೆ ಉಸಿರಿಗೇ ಅಡ್ಡಿಯಾಯಿತೆಂದು 1996ರಲ್ಲಿ ಹ್ಯಾಲರ್ ಅವರೇ ಎಚ್ಚರಿಸಿದ್ದಾರೆ. ಆದಕಾರಣ ಈಗ ಹದಿಹರೆಯದವರೆಗೆ ತಡೆದು ಮಾಡುವುದೇ ರೂಢಿ. ಆ ಪ್ರಾಯದಲ್ಲಿ ಹುಡುಗನು ತನ್ನ ಸಮ್ಮತಿಯನ್ನು ತಾನೇ ಹೇಳಬಲ್ಲನೆಂಬುದು ಮತ್ತೊಂದು ಲಾಭ.

ಶಸ್ತ್ರಕ್ರಿಯೆ ಮಾಡಿಸಿದ ಮನೆಯವರು ಆ ಮೊದಲ ದಿನಗಳ ನೋವು ಕಡಮೆಯದಲ್ಲವೆಂದು ತಿಳಿದಿರಬೇಕು. ನೋವಿನ ಔಷಧವನ್ನು ಹೊತ್ತು ತಪ್ಪದೆ ಕೊಡತಕ್ಕದ್ದು. 'ಗಂಡಸಾಗಿ ಇಷ್ಟು ತಾಳಲಾರೆಯಾ' ಎನ್ನತಕ್ಕದ್ದಲ್ಲ. ಕೆಲವು ವಾರಗಳವರೆಗೆ ಮಗ್ಗುಲು ತಿರುಚದಂತೆ, ಪುಸ್ತಕದ ಚೀಲವನ್ನು ಹೊರದಂತೆ, ಬೆನ್ನಿಗೆ ಆಸರೆಯಿಟ್ಟು ಎಬ್ಬಿಸುವಂತೆ ನೋಡಿಕೊಳ್ಳಬೇಕು. ಮೈಗೆ ಮೈ ತಾಗುವ ಕಬಡ್ಡಿ ಮೊದಲಾದ ಆಟಗಳಿಗೆ ವೈದ್ಯರ ಅನುಮತಿ ಬೇಕು. ಅಗ್ಗದ ಸರ, ಗಡಿಯಾರದ ಪಟ್ಟಿಗಳಿಂದ ಮಗುವಿನ ಚರ್ಮವು ಕೆಂಪಾಗುತ್ತಿದ್ದರೆ ಆ ಸಂಗತಿಯನ್ನು ಮೊದಲೇ ತಿಳಿಸಬೇಕು. ಏಕೆಂದರೆ ಉಕ್ಕಿನ ಪಟ್ಟಿಯಲ್ಲಿರುವ ನಿಕಲ್ ಲೋಹವು ಕೆಲವರಿಗೆ ಒಗ್ಗದು. ಎದೆಯೊಳಗೆ ಪಟ್ಟಿಯಿರುವವರೆಗೆ ಅದರ ವಿವರವುಳ್ಳ ಚೀಟಿಯು ಮಗುವಿನ ಬಳಿಯಲ್ಲಿಯೂ ಶಾಲೆಯಲ್ಲಿಯೂ ಇರುವುದು ಕ್ಷೇಮ.

ಇಷ್ಟೆಲ್ಲವೂ ವೈದ್ಯರ ಕೆಲಸ. ಮನೆಯವರ ಕೆಲಸವು ಇದಕ್ಕಿಂತ ಸಣ್ಣದಲ್ಲ. ನಾವು ತಪ್ಪಿ ಕಲಿತ ನಾಲ್ಕು ಮಾತುಗಳನ್ನು ಇಲ್ಲಿ ಹೇಳುವೆವು.

ಮೊದಲನೆಯದಾಗಿ, ಮಗುವಿನ ಎದೆಯನ್ನು ಮಗುವಿನ ಒಪ್ಪಿಗೆಯಿಲ್ಲದೆ ಬಂದವರಿಗೆಲ್ಲ ತೋರಿಸಕೂಡದು. ನೆಂಟರ ಮುಂದೆ 'ಅಂಗಿ ಎತ್ತು, ಮಾವ ನೋಡಲಿ' ಎನ್ನುವುದು ವಾತ್ಸಲ್ಯವಲ್ಲ, ಪ್ರದರ್ಶನ. ಹುಡುಗಿಯರ ವಿಷಯದಲ್ಲಿ ಈ ಎಚ್ಚರವು ಇಮ್ಮಡಿಯಾಗಿರಬೇಕು. ಮೈ ನೆರೆಯುವ ಕಾಲದಲ್ಲಿ ಎದೆಯ ಎರಡು ಭಾಗಗಳೂ ಸಮವಾಗಿ ತೋರದೆ ಅವರು ಒಳಗೇ ಕೊರಗುವರು. ತಾಯಿಯೋ ಅಕ್ಕನೋ ಏಕಾಂತದಲ್ಲಿ ಮಾತನಾಡಿ, ಪರೀಕ್ಷೆಯ ಹೊತ್ತಿಗೆ ಜೊತೆಯಲ್ಲಿರಬೇಕು. ಮದುವೆಯ ಚಿಂತೆಯನ್ನು ಅವರ ಕಿವಿಗೆ ಹಾಕಕೂಡದು.

ಎರಡನೆಯದಾಗಿ, 'ಎದೆ ಎತ್ತಿ ನಡೆ, ಗೂನು ಹಾಕಬೇಡ' ಎಂದು ಗದರಿಸಕೂಡದು. ಇಂಥ ಮಕ್ಕಳು ಬಾಗುವುದು ಸೋಮಾರಿತನದಿಂದಲ್ಲ, ಮರೆಸುವುದಕ್ಕಾಗಿ. ಮರೆಸುವ ಕಾರಣವು ಹೋದರೆ ಬೆನ್ನು ಬಹುಪಾಲು ತಾನೇ ನೆಟ್ಟಗಾಗುವುದು. ನಮ್ಮ ಮೊಮ್ಮಗನೊಡನೆ ನಾವೂ ದಿನವೂ ಬೆಳಿಗ್ಗೆ ಆರು ಸೂರ್ಯನಮಸ್ಕಾರಗಳನ್ನು ಹಾಕುತ್ತೇವೆ. ಎಣಿಕೆ ತಪ್ಪಿಸುವವರು ನಾವೇ ಎಂದು ಅವನ ದೂರು.

ಮೂರನೆಯದಾಗಿ, ಪಟ್ಟಿಯನ್ನೋ ಬಟ್ಟಲನ್ನೋ ಧರಿಸಬೇಕಾದ ಮಗುವಿಗೆ ಉಪದೇಶಕ್ಕಿಂತ ಸಂಗಾತವು ಹೆಚ್ಚು ಬೇಕು. ಆರಂಭದಲ್ಲಿ ಚರ್ಮ ಕೆಂಪಾಗುವುದು, ಸೆಕೆಯಾಗುವುದು, ಶಾಲೆಯಲ್ಲಿ ಅಂಗಿಯ ಮೇಲೆ ಗೆರೆ ಕಾಣುವುದು. ಈ ಚಿಕಿತ್ಸೆಯು ಸಾಧಾರಣವಾಗಿ ಕೆಡುವುದು ಧರಿಸುವುದನ್ನು ನಿಲ್ಲಿಸಿಬಿಡುವುದರಿಂದಲೇ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ದಿನದಿನದ ಗಂಟೆಗಳನ್ನು ಮಗುವೇ ಗುರುತು ಹಾಕಲಿ. ಬಿಟ್ಟ ದಿನಕ್ಕೆ ಬೈಗಳು ಬೇಡ.

ನಾಲ್ಕನೆಯದಾಗಿ, ಶಾಲೆಯ ಉಪಾಧ್ಯಾಯರಿಗೆ ವಿಷಯವನ್ನು ತಿಳಿಸಿ, ಅಡ್ಡಹೆಸರು ಕಿವಿಗೆ ಬಿದ್ದ ದಿನವೇ ತಡೆಯಬೇಕೆಂದು ಕೇಳಿಕೊಳ್ಳಬೇಕು. ಮುಗುಳ್ನಕ್ಕು ಪಾಠ ಮುಂದುವರಿಸಿದ ಉಪಾಧ್ಯಾಯನೊಬ್ಬನ ಅನುಭವವನ್ನು ಮೇಲೆ ಹೇಳಿಯೇ ಇದ್ದೇವೆ. ಮಗುವಿಗೂ, ಕೇಳಿದವರಿಗೆ ಹೇಳಲು ಒಂದು ಚಿಕ್ಕ ಉತ್ತರವನ್ನು ಮನೆಯಲ್ಲಿಯೇ ಅಭ್ಯಾಸ ಮಾಡಿಸಬೇಕು. ನಮ್ಮ ಹುಡುಗನು ಆರಿಸಿಕೊಂಡದ್ದು ವೈದ್ಯರ ಮಾತನ್ನೇ: "ಹುಟ್ಟಿನಿಂದ ಹೀಗಿದೆ. ಹೃದಯ ಸ್ವಲ್ಪ ಎಡಕ್ಕಿದೆ, ಅಷ್ಟೆ." ಈಜು ಕಲಿಯಲು ಕೊಳಕ್ಕೆ ಹೋಗಬೇಕಾದಾಗ ಅವನು ಹಿಂಜರಿದನು. ಆಗ ಅವನ ತಂದೆಯು, 2016ರ ರಿಯೊ ಒಲಿಂಪಿಕ್ಸಿನಲ್ಲಿ 100 ಮೀಟರು ಬ್ರೆಸ್ಟ್‌ಸ್ಟ್ರೋಕ್ ಈಜಿನಲ್ಲಿ ಕಂಚಿನ ಪದಕವನ್ನು ಗೆದ್ದ ಅಮೆರಿಕದ ಕೋಡಿ ಮಿಲ್ಲರನ ಚಿತ್ರವನ್ನು ತೋರಿಸಿದನು. ಅವನ ಎದೆಯ ನಡುವಿನ ಗುಳಿಯು ಲೋಕಕ್ಕೆಲ್ಲ ಕಾಣುವಂತಿದೆ. ಹುಡುಗನು ಚಿತ್ರವನ್ನು ಬಹಳ ಹೊತ್ತು ನೋಡಿ, "ನನ್ನದಕ್ಕಿಂತ ಆಳ ಇದೆ" ಎಂದನು. ಮರುವಾರ ನೀರಿಗಿಳಿದನು.

ಅಷ್ಟಾವಕ್ರನ ಕಥೆಯನ್ನು ನಾವು ಎಷ್ಟೋ ಬಾರಿ ಪಾಠದಲ್ಲಿ ಹೇಳಿದ್ದೇವೆ. ಅದರ ಕ್ರಮವು ನಮಗೆ ಗಮನಕ್ಕೆ ಬಂದದ್ದು ಈಚೆಗೆ. ಮಹಾಭಾರತದ ವನಪರ್ವದಲ್ಲಿ, ಗರ್ಭದಲ್ಲಿರುವಾಗಲೇ ತಂದೆಯ ಶಾಪದಿಂದ ಎಂಟು ಕಡೆ ಡೊಂಕಾಗಿ ಹುಟ್ಟಿದ ಆ ಬಾಲಕನು ಹನ್ನೆರಡನೆಯ ವರ್ಷದಲ್ಲಿ ಜನಕರಾಜನ ಯಜ್ಞಶಾಲೆಗೆ ಹೋಗುತ್ತಾನೆ. ದ್ವಾರಪಾಲನು ತಡೆಯುತ್ತಾನೆ. ಹುಡುಗನು ವಾದಿಸಿ ಒಳಹೊಕ್ಕು, ವಂದಿಯೆಂಬ ಪಂಡಿತನನ್ನು ಸೋಲಿಸಿ, ನೀರುಪಾಲಾಗಿದ್ದ ತಂದೆಯನ್ನು ಮರಳಿ ಪಡೆಯುತ್ತಾನೆ. ಆಮೇಲೆ ತಂದೆಯ ಮಾತಿನಂತೆ ಸಮಂಗಾ ನದಿಯಲ್ಲಿ ಮಿಂದಾಗ ಅವನ ಅಂಗಗಳು ನೆಟ್ಟಗಾಗುತ್ತವೆ. ಅಂಗಗಳು ನೆಟ್ಟಗಾದದ್ದು ಕೊನೆಯಲ್ಲಿ. ಬಾಗಿಲು ತೆರೆದದ್ದು ಅದಕ್ಕೆ ಮೊದಲು. ಎದೆ ಸರಿಹೋದ ಮೇಲೆ ಮಗುವಿಗೆ ಧೈರ್ಯ ಬರುವುದೆಂದು ಕಾಯುವ ತಾಯಿತಂದೆಗಳು ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನದಿಯು ಎಲ್ಲರಿಗೂ ಬೇಕಾಗುವುದಿಲ್ಲ. ಬೇಕಾದವರಿಗೂ ತಡವಾಗಿ ಸಿಕ್ಕೀತು. ಬಾಗಿಲನ್ನಾದರೋ ಇಂದೇ ತೆರೆಯಬಹುದು.

ಕಳೆದ ವರ್ಷ ಹುಡುಗನಿಗೆ ಉಪನಯನವಾಯಿತು. ನೂರಾರು ಜನರ ಮುಂದೆ ಬರಿಮೈಯಲ್ಲಿ ಕುಳಿತಿರಬೇಕೇ ಎಂಬುದೊಂದೇ ಅವನ ಚಿಂತೆಯಾಗಿತ್ತು. ಛತ್ರವನ್ನು ಗೊತ್ತುಮಾಡಬೇಕೆಂದಿದ್ದವರನ್ನು ನಾವು ತಡೆದು, ಹೇಗಾಗಬೇಕೆಂದು ಅವನನ್ನೇ ಕೇಳಿದೆವು. "ಮನೆಯಲ್ಲಿ ಆಗಲಿ, ನಮ್ಮವರು ಮಾತ್ರ ಇರಲಿ, ಉತ್ತರೀಯ ಹೊದ್ದುಕೊಳ್ಳುತ್ತೇನೆ" ಎಂದನು. ಉತ್ತರೀಯವನ್ನು ಹೊದ್ದು ಕರ್ಮ ಮಾಡುವುದಕ್ಕೆ ಯಾವ ಬಾಧಕವೂ ಇಲ್ಲವೆಂದು ಪುರೋಹಿತರೂ ಒಪ್ಪಿದರು. ಹಾಗೆಯೇ ನಡೆಯಿತು.

ವೈದ್ಯರು ಆರು ತಿಂಗಳಿಗೊಮ್ಮೆ ನೋಡುತ್ತಿದ್ದಾರೆ. ಮುಂದೆ ಶಸ್ತ್ರಕ್ರಿಯೆ ಬೇಕಾಗುವುದೋ ಇಲ್ಲವೋ, ಬೇಕಾದರೆ ತನಗೆ ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಅವನು ದೊಡ್ಡವನಾಗುತ್ತ ನಿರ್ಧರಿಸುವನು. ಮೊನ್ನೆಯ ನರಕಚತುರ್ದಶಿಯಂದು ಹಂಡೆಯ ನೀರು ಕಾದಾಗ ಅವನೇ ಮೊದಲು ಬಂದು, ಬನಿಯನನ್ನು ಗೂಟಕ್ಕೆ ಹಾಕಿ, ಮಣೆಯ ಮೇಲೆ ಕುಳಿತನು. ಅದೇ ಕಿರಿಯ ಹುಡುಗಿಯು ಅವನ ಗುಳಿಯಲ್ಲಿ ಬೆರಳಿಟ್ಟು, "ನೋವಾಗುತ್ತದೆಯೇನೋ?" ಎಂದು ಕೇಳಿದಳು. "ಇಲ್ಲ. ಹುಟ್ಟಿನಿಂದ ಹೀಗಿದೆ. ಹೃದಯ ಸ್ವಲ್ಪ ಎಡಕ್ಕಿದೆ, ಅಷ್ಟೆ" ಎಂದು ಹೇಳಿ, ಅಜ್ಜಿಯ ಕಡೆಗೆ ತಿರುಗಿ, "ಅಜ್ಜಿ, ಇಲ್ಲಿ ಒಂದು ಸೌಟು ಎಣ್ಣೆ ಹಿಡಿಯುತ್ತದೆ, ಹೊಯ್ಯಿ" ಎಂದನು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆ ಹಾಸ್ಯವನ್ನು ಮಾಡುವ ಹಕ್ಕು ಅವನೊಬ್ಬನದು. ಅವನೇ ಮಾಡಿದ್ದರಿಂದ ನಮಗೆ ನಗುವ ಅಪ್ಪಣೆಯೂ ದೊರೆಯಿತು. ಅವನ ಅಜ್ಜಿಯು ಎಣ್ಣೆಯ ಬಟ್ಟಲನ್ನು ಕೈಗೆತ್ತಿಕೊಂಡಳು.